ಗಿರಣಿ ಕಿವಿ

ಶ್ರೀರಾಂಪುರ, ಮೈಸೂರು
24 ಜೂನ್ 2024

ವರ್ಷಿಣಿ,

ಮೊಮ್ಮಗಳಿಗೆ ಕಾಗದ ಬರೆಯುವಾಗ ಮೊದಲು ಆಶೀರ್ವಾದ ಬರೆಯಬೇಕಂತೆ. ನನಗಿನ್ನೂ ಕೋಪ ಇಳಿದಿಲ್ಲ. ಇಳಿದರೆ ಬರೆಯೋಣ ಅಂತ ಕೊನೆಯಲ್ಲಿ ಒಂದು ಸಾಲಿನ ಜಾಗ ಬಿಡುತ್ತೇನೆ.

ಒಂದೇ ಊರಿನಲ್ಲಿದ್ದುಕೊಂಡು, ಒಂದು ಸಿಟಿ ಬಸ್ಸು ಹತ್ತಿದರೆ ಮನೆ ಸಿಗುವಾಗ, ಈ ವಯಸ್ಸಿನಲ್ಲಿ ನನ್ನ ಕೈಲಿ ಕಾಗದ ಬರೆಸುತ್ತಿದ್ದೀಯ. ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಬರೆದದ್ದೆಲ್ಲ ಹಿಟ್ಟಿನ ಡಬ್ಬಗಳ ಮೇಲೆ ಗಿರಾಕಿಗಳ ಹೆಸರು ಮಾತ್ರ. "ತಾತ ಫೋನಲ್ಲಿ ಕೂಗಾಡ್ತಾರೆ, ನಾನ್ ಹೇಳೋದು ಅವರಿಗೆ ಕೇಳ್ಸಲ್ಲ, ಬರೀಲಿ" ಅಂದೆಯಂತೆ ನಿಮ್ಮತ್ತೆ ವೇದವತಿ ಹತ್ತಿರ. ವಯಸ್ಸಿಗೆ ಬಂದಾಗಿನಿಂದ ಹಿಟ್ಟಿನ ಗಿರಣಿ ಓಡಿಸಿದವನ ಕಿವಿ ಇನ್ನು ಹೇಗಿರಬೇಕು? ನಾನು ಕೂಗುವುದು ಅಭ್ಯಾಸಕ್ಕೆ. ಕೋಪವೂ ಇದೆ, ಅದು ಬೇರೆ ಲೆಕ್ಕ.

ನಾನು ಅವತ್ತು ಕೇಳಿದ್ದು ಒಂದೇ ಮಾತು. ಕಾಮರ್ಸ್ ಓದುತ್ತಿದ್ದೇನೆ ಅಂತ ಇಡೀ ವರ್ಷ ನನ್ನ ಮುಖ ನೋಡಿಕೊಂಡು ಹೇಳಿ, ಆರ್ಟ್ಸ್ ಯಾಕೆ ಓದಿದೆ? ಮೊಮ್ಮಗಳು ಫಸ್ಟ್ ಪಿಯುಸಿ ಪಾಸಾದಳು ಅಂತ ನಾನು ಅಂಕಪಟ್ಟಿ ಹಿಡಿದುಕೊಂಡು ಬೀದಿಗೆಲ್ಲ ತೋರಿಸುತ್ತಿದ್ದೆ. ಎದುರುಗಡೆ ಟೈಲರ್ ಸಣ್ಣಮಾದಯ್ಯ ಕನ್ನಡಕ ಏರಿಸಿ ನೋಡಿ, "ಏನ್ ನಿಂಗಯ್ಯೋರೇ, ಮನಃಶಾಸ್ತ್ರ ಅಂತ ಬರ್ದವ್ರೆ? ಹುಚ್ಚಾಸ್ಪತ್ರೆ ಕೆಲ್ಸುಕ್ಕಾ?" ಅಂದ. ನಾಲ್ಕು ಜನ ನಕ್ಕರು. ಅದಕ್ಕೆ ಬೈದೆ. ಬೈದಿದ್ದಕ್ಕೆ ಬಟ್ಟೆ ತುಂಬಿಕೊಂಡು ಲಷ್ಕರ್ ಮೊಹಲ್ಲಾದ ಅತ್ತೆ ಮನೆ ಸೇರಿಬಿಡುತ್ತಾರಾ? ನಿಮ್ಮಪ್ಪ ಅಮ್ಮ ಆಕ್ಸಿಡೆಂಟಿನಲ್ಲಿ ಹೋದಮೇಲೆ ನಿಮ್ಮಿಬ್ಬರನ್ನೂ ಸಾಕಿದ್ದು ಇದೇ ಬಾಯಿ, ಇದೇ ಬೈಗುಳ.

ನಿಮ್ಮಣ್ಣ ಮಹೇಂದ್ರನನ್ನು ನೋಡಿ ಕಲಿ. ಡಿಪ್ಲೊಮಾ ತಲೆಗೆ ಹತ್ತಲಿಲ್ಲ, ತೆಪ್ಪಗೆ ಬಂದು ನನ್ನ ಜೊತೆ ಗಿರಣಿಗೆ ನಿಂತ. ಎದುರು ಮಾತಿಲ್ಲ. ಈಚೆಗಂತೂ ಮಾತೇ ಇಲ್ಲ. ಗಂಡಸು ಹಾಗಿರಬೇಕು.

ವೇದವತಿ ರಾಗಿ ಬೀಸಿಸಲು ಬಂದಿದ್ದಾಳೆ. ಅವಳ ಹಿಟ್ಟಿನ ಚೀಲದಲ್ಲೇ ಇದನ್ನು ಹಾಕಿದ್ದೇನೆ. ಉತ್ತರವೂ ಅದೇ ದಾರಿಯಲ್ಲಿ ಬರಲಿ.

ಬಿಟ್ಟ ಜಾಗ ಹಾಗೇ ಇದೆ.

ನಿಮ್ಮ ತಾತ
ನಿಂಗಯ್ಯ


ಲಷ್ಕರ್ ಮೊಹಲ್ಲಾ
14 ಜುಲೈ 2024

ತಾತ,

ನಿಮ್ಮ ಕಾಗದ ಅತ್ತೆ ಜರಡಿ ಹಿಡಿಯುವಾಗ ಸಿಕ್ಕಿತು. ಸ್ವಲ್ಪ ತಡವಾಗಿದ್ದರೆ ಮುದ್ದೆಯೊಳಗೆ ಬೆಂದುಹೋಗುತ್ತಿತ್ತು.

ಸುಳ್ಳು ಹೇಳಿದ್ದು ತಪ್ಪು. ನಿಜ ಹೇಳಿದ್ದರೆ ನೀವು ಸೇರಿಸುತ್ತಿರಲಿಲ್ಲ ಎನ್ನುವುದೂ ನಿಜ. ಎರಡನ್ನೂ ಒಪ್ಪಿಕೊಳ್ಳೋಣ.

ಮನಃಶಾಸ್ತ್ರ ಎಂದರೆ ಸಣ್ಣಮಾದಯ್ಯನವರು ಅಂದುಕೊಂಡ ಹಾಗಲ್ಲ. ಒಂದು ಮಾತು ವರ್ಷಗಟ್ಟಲೆ ಯಾಕೆ ನೆನಪಿರುತ್ತದೆ, ಬೆಳಿಗ್ಗೆ ಇಟ್ಟ ಕೀಲಿಕೈ ಯಾಕೆ ಮರೆಯುತ್ತದೆ, ಹೆದರಿಕೆ ಹೇಗೆ ಕಲಿಯುತ್ತೇವೆ, ಇಂಥವೇ ಜಾಸ್ತಿ. ವಾರಕ್ಕೊಮ್ಮೆ ಪ್ರಾಕ್ಟಿಕಲ್ ಇರುತ್ತದೆ. ಯಾರನ್ನಾದರೂ ಎದುರು ಕೂರಿಸಿಕೊಂಡು ಪ್ರಯೋಗ ಮಾಡಬೇಕು. ಹಾಗೆ ಕೂತವರಿಗೆ ಸಬ್ಜೆಕ್ಟ್ ಅನ್ನುತ್ತೇವೆ. ಮೊನ್ನೆ ಅತ್ತೆಯೇ ನನ್ನ ಸಬ್ಜೆಕ್ಟ್. ಕಾಗದವನ್ನು ನೇರ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸಬೇಕಿತ್ತು. ಎರಡು ಮೂಲೆ ದಾಟುವಷ್ಟರಲ್ಲಿ, "ಥೂ, ನನ್ ಕೈ ನನ್ ಮಾತೇ ಕೇಳ್ತಿಲ್ವಲ್ಲೇ!" ಅಂತ ಪೆನ್ಸಿಲ್ ಎಸೆದುಬಿಟ್ಟರು. ಅವರು ನಿಮ್ಮ ಮಗಳೇ, ಅನುಮಾನ ಬೇಡ.

ನಮ್ಮ ಲೆಕ್ಚರರ್ ಚಾಮುಂಡೇಶ್ವರಿ ಮೇಡಂ ಮೊದಲ ದಿನವೇ ಎಚ್ಚರಿಕೆ ಕೊಟ್ಟಿದ್ದಾರೆ. "ಪುಸ್ತಕ ಓದಿ ಮನೆಯವರಿಗೆಲ್ಲ ಕಾಯಿಲೆ ಹೆಸರು ಇಡಬೇಡಿ, ಅದು ನಿಮ್ಮ ಕೆಲಸ ಅಲ್ಲ" ಅಂತ. ಅದಕ್ಕೇ ಹೆಸರಿಡದೆ ಕೇಳುತ್ತೇನೆ. ಅಣ್ಣ ಚೆನ್ನಾಗಿದ್ದಾನಾ? ಹೋದ ಭಾನುವಾರ ಇಲ್ಲಿಗೆ ಬಂದಿದ್ದ. ಊಟದ ಮಧ್ಯೆ, "ಟೀವಿ ಸೌಂಡ್ ಕಮ್ಮಿ ಮಾಡೇ" ಅಂದ. ಟೀವಿ ಹಾಕಿರಲಿಲ್ಲ ತಾತ. ಅತ್ತೆ ತಮಾಷೆ ಅಂದುಕೊಂಡು ನಕ್ಕರು. ಅವನು ನಗಲಿಲ್ಲ.

ನಾನು ಅತ್ತೆ ಮನೆಯಲ್ಲೇ ಇರುತ್ತೇನೆ, ಕಾಲೇಜಿಗೆ ಹತ್ತಿರ. ಅಜ್ಜಿಗೆ ಹೇಳಿ.

ವರ್ಷಿಣಿ


ಶ್ರೀರಾಂಪುರ
9 ಆಗಸ್ಟ್ 2024

ವರ್ಷಿಣಿ,

ಟೀವಿ ವಿಷಯಕ್ಕೆ ಇಷ್ಟುದ್ದ ಗಾಬರಿಯಾ? ನಿನ್ನ ಪುಸ್ತಕದಲ್ಲಿಲ್ಲದ ಒಂದು ಪಾಠ ಹೇಳುತ್ತೇನೆ ಕೇಳು. ಅದಕ್ಕೆ ಗಿರಣಿ ಕಿವಿ ಅಂತ ಹೆಸರು.

ಬೆಳಿಗ್ಗೆಯಿಂದ ಮೋಟಾರು ಓಡಿ, ಕಲ್ಲು ತಿರುಗಿ, ಬೆಲ್ಟು ಬಡಿದು, ಮಧ್ಯಾಹ್ನ ಸ್ವಿಚ್ಚು ಆರಿಸುತ್ತೀಯಲ್ಲ, ಆಗ ಸದ್ದು ಹೊರಗೆ ನಿಲ್ಲುತ್ತದೆ, ಕಿವಿಯೊಳಗೆ ನಿಲ್ಲುವುದಿಲ್ಲ. ಗುಂಯ್ ಅಂತಲೇ ಇರುತ್ತದೆ. ಆ ಗುಂಯ್ಯಿನೊಳಗೆ ಯಾರೋ 'ನಿಂಗಯ್ಯಾ' ಅಂತ ಕರೆದ ಹಾಗಾಗುತ್ತದೆ. ಹೊರಗೆ ಬಂದು ನೋಡಿದರೆ ನಾಯಿಯೂ ಇರುವುದಿಲ್ಲ. ನಮ್ಮಪ್ಪನಿಗೂ ಹೀಗೇ ಆಗುತ್ತಿತ್ತು. ನಾನು ಮೊದಲ ಸಲ ಹೇಳಿದಾಗ, "ಇವತ್ತಿಗ್ ನೀನು ಗಿರಣಿಯವನಾದೆ ಕಣ್ಲಾ" ಅಂತ ಬೆನ್ನು ತಟ್ಟಿ ಬಾಳೆಹಣ್ಣು ಕೊಟ್ಟಿದ್ದ.

ಯುಗಾದಿ ಆದಮೇಲೆ ಒಂದು ದಿನ ಮಹೇಂದ್ರ ಬಂದು, "ತಾತ, ನೀವ್ ಕರುದ್ರಾ?" ಅಂದ. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ಅದನ್ನೇ ಕೇಳಿದ. ನಾನೂ ನಮ್ಮಪ್ಪನ ಹಾಗೇ ಬೆನ್ನು ತಟ್ಟಿ ಬಾಳೆಹಣ್ಣು ಕೊಟ್ಟೆ. ತಿನ್ನಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಹೊಸದರಲ್ಲಿ ಹಾಗೇ. ನಾಲ್ಕಾರು ವರ್ಷ ಹೋದರೆ ಯಾರು ಕರೆದರೂ ತಿರುಗಿ ನೋಡುವುದಿಲ್ಲ. ನಿಜವಾಗಿ ಕರೆದರೂ ನೋಡುವುದಿಲ್ಲ ಅಂತ ನಿಮ್ಮಜ್ಜಿ ಕೆಂಚಮ್ಮನ ದೂರು.

ಕಿವಿಯಲ್ಲಿ ಕೇಳಿಸುವುದೆಲ್ಲ ಕಾಯಿಲೆಯಾದರೆ ನಿಮ್ಮಪ್ಪ ಹುಟ್ಟುವುದಕ್ಕೆ ಮೊದಲೇ ನಾನು ಹುಚ್ಚನಾಗಿರಬೇಕಿತ್ತು. ಸುಮ್ಮನೆ ಓದಿಕೋ.

ತಾತ


ಲಷ್ಕರ್ ಮೊಹಲ್ಲಾ
21 ಅಕ್ಟೋಬರ್ 2024

ತಾತ,

ದಸರಾ ರಜೆಗೆ ಬಂದಾಗ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಕೂಗಿ.

ನೆನಪಿನ ಪ್ರಯೋಗಕ್ಕೆ ಅಣ್ಣನನ್ನು ಕೂರಿಸಿಕೊಂಡಿದ್ದೆ. ನಾನು ಪದಗಳನ್ನು ಓದುವುದು, ಅವನು ತಿರುಗಿ ಹೇಳುವುದು. ಅಷ್ಟೇ. ಅವನು ಮಧ್ಯೆ ಮಧ್ಯೆ ನಿಲ್ಲಿಸಿ ಕಿವಿಗೊಟ್ಟು ಕೇಳುತ್ತಿದ್ದ. ಒಂದು ಸಲ ಗೋಡೆ ಕಡೆ ತಿರುಗಿ, "ಇರ್ರೋ, ಹೇಳ್ತಾ ಇದೀನಲ್ಲ" ಅಂದ. ನಾನು ಪೆನ್ನು ಕೆಳಗಿಟ್ಟು ಯಾರು ಅಂತ ಕೇಳಿದೆ. ತುಂಬ ಹೊತ್ತು ಅತ್ತ. ಆಮೇಲೆ ಹೇಳಿದ. ತಾತನಿಗೆ ಹೇಳಬೇಡ ಅಂತ ಕೈ ಮೇಲೆ ಕೈ ಇಡಿಸಿಕೊಂಡ. ನಾನು ಇಟ್ಟೆ. ಈಗ ಆ ಮಾತು ಮುರಿಯುತ್ತಿದ್ದೇನೆ.

ನಿಮ್ಮ ಕಿವಿ ನಿಮ್ಮ ಹೆಸರು ಕರೆದು ಸುಮ್ಮನಾಗುತ್ತದೆ. ಅವನದು ಸುಮ್ಮನಾಗುವುದಿಲ್ಲ. ಮೂರ್ನಾಲ್ಕು ಜನ ಮಾತಾಡುತ್ತಾರಂತೆ. ಅವನು ಏನು ಮಾಡಿದರೂ ಅದನ್ನೇ ಹೇಳುತ್ತಾರಂತೆ, "ನೋಡು, ಈಗ ತಟ್ಟೆ ಮುಂದೆ ಕೂತ್ಕಂಡ, ಈಗ ಎದ್ದ, ತಿಂದ್ ಯಾರ್ನ ಉದ್ಧಾರ ಮಾಡ್ಬೇಕು ಇವ್ನು" ಅಂತ. ಮಂಗಳವಾರ ಗಿರಣಿ ರಜೆ ತಾನೇ? ಮಂಗಳವಾರವೇ ಜಾಸ್ತಿಯಂತೆ. ಮೋಟಾರು ಓಡುವಾಗ ಸ್ವಲ್ಪ ವಾಸಿ, ಆ ಸದ್ದಿನಲ್ಲಿ ಮುಚ್ಚಿಹೋಗುತ್ತವಂತೆ. ಅವನು ಹೊತ್ತಿಗೆ ಮುಂಚೆ ಬಂದು ಮಿಷನ್ ಶುರು ಮಾಡುವುದನ್ನು ನೀವು ಶ್ರದ್ಧೆ ಅಂತ ಹೊಗಳುತ್ತಿದ್ದಿರಲ್ಲ.

ಈ ಪಾಠ ನಮಗೆ ಇದೇ ವರ್ಷ ಇದೆ. ಇದಕ್ಕೆ ಮಾತ್ರೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೇಡಂಗೆ ಯಾರು ಅಂತ ಹೇಳದೆ ಕೇಳಿದೆ. ತಡಮಾಡದೆ ದೊಡ್ಡಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ತೋರಿಸಲಿ ಅಂದರು. ನೀವು ಹೇಳಿದರೆ ಅಣ್ಣ ಬರುತ್ತಾನೆ. ನಿಮ್ಮ ಮಾತನ್ನು ಅವನು ಯಾವತ್ತೂ ಮೀರಿಲ್ಲ.

ನಾನು ಹೇಳಿದೆ ಅಂತ ಮಾತ್ರ ಅವನಿಗೆ ಹೇಳಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ವರ್ಷಿಣಿ


ಶ್ರೀರಾಂಪುರ
27 ಅಕ್ಟೋಬರ್ 2024

ವರ್ಷಿಣಿ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಓದಿ ನೇರ ಹೋಗಿ ಅವನನ್ನೇ ಕೇಳಿದೆ. ಹಿಂದೊಂದು ಮುಂದೊಂದು ನನಗೆ ಬರುವುದಿಲ್ಲ.

"ಏನ್ಲಾ, ನಿನ್ ತಾವ ಯಾರೋ ಮಾತಾಡ್ತಾರಂತಲ್ಲ? ಯಾರ್ಲಾ ಅವ್ರು? ನಂಗೂ ತೋರ್ಸು" ಅಂದೆ.

ಮೋಟಾರು ಓಡುತ್ತಿತ್ತು, ಹಾಗಾಗಿ ಜೋರಾಗೇ ಕೇಳಿರಬೇಕು. ಡಬ್ಬ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಸಣ್ಣಮಾದಯ್ಯನೂ ಅಕ್ಕಿ ತಂದಿದ್ದ. ಮಹೇಂದ್ರ ನನ್ನನ್ನು ನೋಡಿದ. ಅವರನ್ನೆಲ್ಲ ಒಂದು ಸುತ್ತು ನೋಡಿದ. "ಯಾರೂ ಇಲ್ಲ ತಾತ" ಅಂದ. "ಮತ್ತೆ ವರ್ಷಿ ಬರ್ದವ್ಳಲ್ಲ?" ಅಂದೆ. "ಪಾಠ ಓದಿ ಓದಿ ಅವ್ಳಿಗಂಗೆ" ಅಂದ. ಮುಗಿಯಿತು. ಅವನ ಬಾಯಿಂದಲೇ ಬಂತಲ್ಲ.

ನಿನ್ನ ಪರೀಕ್ಷೆಗೆ ಬೇರೆ ಯಾರನ್ನಾದರೂ ಕೂರಿಸಿಕೋ. ನನ್ನ ಮೊಮ್ಮಗ ಪ್ರಯೋಗಕ್ಕಿಟ್ಟ ಇಲಿಯಲ್ಲ.

ಆದರೂ ನಾನೇನು ಕಲ್ಲಲ್ಲ. ಕಿವಿಗೆ ಸದ್ದು ಜಾಸ್ತಿಯಾಗಿರಬಹುದು ಅಂತ ಅವನನ್ನು ಗಿರಣಿಯಿಂದ ಬಿಡಿಸಿದ್ದೇನೆ. ಹಿಂದಿನ ರೂಮಿನಲ್ಲಿ ಮಲಗಿಕೊಂಡಿರು, ತಿಂಗಳು ಕಳೆಯಲಿ ಅಂದಿದ್ದೇನೆ. ನಿಮ್ಮಜ್ಜಿ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಡುತ್ತಾಳೆ, ಮೇಲೆ ಹತ್ತಿ ಇಡುತ್ತಾಳೆ. ಆ ಕಡೆಗೆ ಯಾರೂ ಸದ್ದು ಮಾಡಬಾರದು ಅಂತ ಹೇಳಿದ್ದೇನೆ. ನಾನೂ ಆ ಕಡೆ ಹೋದರೆ ಮೆಲ್ಲಗೆ ನಡೆಯುತ್ತೇನೆ.

ಊಟಕ್ಕೆ ಮಾತ್ರ ಈಚೆ ಬರುವುದಿಲ್ಲ. ತಟ್ಟೆ ಅಲ್ಲಿಗೇ ಕಳಿಸುತ್ತೇವೆ.

ತಾತ


ಲಷ್ಕರ್ ಮೊಹಲ್ಲಾ
5 ನವೆಂಬರ್ 2024

ಅವನು ನನಗೊಬ್ಬಳಿಗೇ ಹೇಳಿದ್ದ.

ಅತ್ತೆ ಎಲ್ಲ ಹೇಳಿದರು. ಸಣ್ಣಮಾದಯ್ಯ ಈಗ ಅವನ ರೂಮಿನ ಕಿಟಕಿ ದಾಟುವಾಗೆಲ್ಲ, "ಏನ್ ಮಹೇಂದ್ರ, ನಿನ್ ಪಾರ್ಟಿನೋರು ಬಂದಿಲ್ವಾ ಇವತ್ತು?" ಅನ್ನುತ್ತಾನಂತೆ. ಬೀದಿ ಹುಡುಗರೂ ಅದನ್ನೇ ಕಲಿತಿದ್ದಾರಂತೆ. ನಾನು ಫೋನ್ ಮಾಡಿದರೆ ಅಣ್ಣ ತೆಗೆಯುತ್ತಿಲ್ಲ.

ಅವನನ್ನು ಸದ್ದಿಲ್ಲದ ಕಡೆ ಕೂಡಿಹಾಕಬೇಡಿ ತಾತ. ಸದ್ದೊಂದೇ ಅವನಿಗೆ ಆಸರೆ ಅಂತ ಬರೆದಿದ್ದೆನಲ್ಲ? ಎರಡು ಸಲ ಓದಿದೆ ಅಂದಿರಲ್ಲ?

ಮೇಡಂಗೆ ನಮ್ಮಣ್ಣ ಅಂತ ಹೇಳಿಬಿಟ್ಟೆ. ನಾನೇ ಒಂದು ಸಲ ಬಂದು ಮಾತಾಡುತ್ತೇನೆ ಅಂದಿದ್ದಾರೆ. ಬಂದಾಗ ಬೈದು ಕಳಿಸಬೇಡಿ. ಇಷ್ಟೇ ಬರೆಯಲು ಆಗುವುದು.

ವರ್ಷಿಣಿ


ಶ್ರೀರಾಂಪುರ
22 ಡಿಸೆಂಬರ್ 2024

ವರ್ಷಿಣಿ,

ನಿಮ್ಮ ಮೇಡಂ ಬಂದಿದ್ದರು. ನೀನು ಜೊತೆಯಲ್ಲಿ ಬಂದು ಗೇಟಿನ ಹೊರಗೇ ನಿಂತಿದ್ದೆ ಅಂತ ಆಮೇಲೆ ಗೊತ್ತಾಯಿತು. ಒಳಗೆ ಬಂದಿದ್ದರೆ ನಾನೇನು ಕಚ್ಚುತ್ತಿದ್ದೆನಾ?

ನೀನು ಕೇಳಿಸಿಕೊಳ್ಳದೇ ಇದ್ದದ್ದನ್ನು ಬರೆಯುತ್ತೇನೆ. ಆಯಮ್ಮ ಕೂತುಕೊಂಡು, "ಯಜಮಾನ್ರೇ, ಇಂಥ ಕಾಯಿಲೆ ಅಂತ ನಾನು ಹೇಳಲ್ಲ, ನಾನು ಡಾಕ್ಟ್ರಲ್ಲ. ಒಂದ್ಸಲ ತೋರಿಸಿ ಅಂತೀನಿ ಅಷ್ಟೇ" ಅಂದರು.

"ತೋರ್ಸಕ್ಕೆ ಅವ್ನೇನ್ ದಸರಾ ವಸ್ತುಪ್ರದರ್ಶನನಾ?" ಅಂದೆ.

ನಿಮ್ಮಜ್ಜಿ ಒಳಗಿಂದ, "ಆಯಮ್ಮ ನಮ್ ಒಳ್ಳೇದ್ಕೇ ಏಳ್ತಾವ್ರೆ ಕಣ್ರೀ, ವಸಿ ಮೆತ್ಗೆ ಮಾತಾಡಿ" ಅಂದಳು.

"ಮೆತ್ಗೆ ಮಾತಾಡುದ್ರೆ ನಂಗೇ ಕೇಳ್ಸಲ್ವಲ್ಲೇ!"

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ನಾನು ನೇರವಾಗಿ ಹೇಳಿದೆ. ಹುಚ್ಚನ ಮನೆ ಅಂತ ಒಂದು ಸಲ ಬಾಯಿಗೆ ಬಿದ್ದರೆ ಈ ಗಿರಣಿಗೆ ಯಾರು ಕಾಳು ತರುತ್ತಾರೆ? ಈ ಮನೆ ಹುಡುಗಿಯನ್ನು ಯಾರು ಕೇಳಿಕೊಂಡು ಬರುತ್ತಾರೆ? ಆಯಮ್ಮ, "ನಿಜ, ಅದು ಕಷ್ಟವೇ" ಅಂದರು. ಸುಳ್ಳು ಸಮಾಧಾನ ಹೇಳಲಿಲ್ಲ, ಅಷ್ಟು ಮೆಚ್ಚಿದೆ.

ಅಷ್ಟರಲ್ಲಿ ಮಹೇಂದ್ರ ಬಾಗಿಲ ಹತ್ತಿರ ಬಂದು ನಿಂತಿದ್ದ. ಯಾವಾಗ ಬಂದನೋ. ಗಡ್ಡ ಬಿಟ್ಟಿದ್ದಾನೆ, ಇಳಿದುಹೋಗಿದ್ದಾನೆ. ಹಗಲು ಬೆಳಕಿನಲ್ಲಿ ನೋಡಿ ಬಹಳ ದಿನವಾಗಿತ್ತು, ನಾನೇ ಒಂದು ಗಳಿಗೆ ಯಾರು ಅಂದುಕೊಂಡೆ. ಮೇಡಂನ ನೋಡಿ, "ಮೇಡಂ, ಅದು ನಿಲ್ಲುತ್ತಾ?" ಅಂದ.

ಅವರು, "ಮಾತ್ರೆ ತಗೊಂಡ್ರೆ ತುಂಬ ಜನಕ್ಕೆ ಕಮ್ಮಿ ಆಗುತ್ತಪ್ಪ" ಅಂದರು.

"ಹಂಗಾರೆ ಹೋಗನ ತಾತ" ಅಂದ. ನನ್ನನ್ನು ನೋಡಿ ಅಂದ.

ಅವನಾಗಿ ಬಾಯಿಬಿಟ್ಟು ಕೇಳಿದ್ದಾನೆ, ನಾನು ಇಲ್ಲ ಅನ್ನುವುದಿಲ್ಲ. ಮೇಡಂ ನಾಳೆಯೇ ಹೊರಡಿ ಅಂದರು. ಆದರೆ ಈಗ ಶೂನ್ಯಮಾಸ. ಈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾವುದನ್ನೂ ಹೊಸದಾಗಿ ಶುರು ಮಾಡಿದವರಿಲ್ಲ. ಮೋಟಾರಿಗೆ ಹೊಸ ಬೆಲ್ಟು ಕೂಡ ಹಾಕುವುದಿಲ್ಲ. ಇನ್ನು ತಲೆಗೆ ಮದ್ದು ಶುರು ಮಾಡುವುದಾ? ಶುರು ಮಾಡಿದ್ದು ಕೈ ಹತ್ತದೆ ಹೋದರೆ? ಸಂಕ್ರಾಂತಿ ಕಳೆದ ಮಾರನೇ ದಿನ ನಾನೇ ಅವನನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ. ಅವನಿಗೂ ಹೇಳಿದೆ. ತಲೆ ಆಡಿಸಿದ. ಆಡಿಸಿ ಒಳಗೆ ಹೋದ.

ಬರೆದುಕೊಟ್ಟಿದ್ದೇನೆ, ಇನ್ನು ಮಾತಿಗೆ ತಪ್ಪುವುದಿಲ್ಲ. ನೀನು ಧೈರ್ಯವಾಗಿ ಓದು. ಆಶೀರ್ವಾದ.

ತಾತ


ಶ್ರೀರಾಂಪುರ
9 ಫೆಬ್ರವರಿ 2025

ವರ್ಷಿಣಿ,

ಅವತ್ತು ಫೋನಿನಲ್ಲಿ ನಾನು ಏನೇನು ಕೂಗಿದೆನೋ ನೆನಪಿಲ್ಲ. ಮಹೇಂದ್ರ ಕಾಣಿಸುತ್ತಿಲ್ಲ ಅಂತ ಹೇಳಿದ್ದು ಗೊತ್ತು. ಆಮೇಲೆ ನೀನು ಏನೋ ಹೇಳಿದೆ, ಬಹಳ ಹೊತ್ತು ಹೇಳಿದೆ. ನನಗೆ ಕೇಳಿಸಲಿಲ್ಲ. ಅದನ್ನು ಬರೆದು ಕಳಿಸು ಅನ್ನುವ ಧೈರ್ಯ ನನಗಿಲ್ಲ.

ಇವತ್ತಿಗೂ ಸುಳಿವಿಲ್ಲ. ಪೊಲೀಸಿನವರಿಗೆ ಫೋಟೋ ಕೊಟ್ಟಾಯಿತು. "ವಯಸ್ಸಿನ್ ಹುಡ್ಗ, ದುಡ್ಡು ಖಾಲಿಯಾದ್ರೆ ಬರ್ತಾನ್ ಬುಡಿ" ಅಂದರು. ದುಡ್ಡು ತೆಗೆದುಕೊಂಡು ಹೋಗಿದ್ದರೆ ತಾನೇ ಖಾಲಿಯಾಗುವುದು? ಫೋನು, ಚಪ್ಪಲಿ, ಎಲ್ಲ ಇಲ್ಲೇ ಇದೆ. ನಿಮ್ಮಜ್ಜಿ ಸಂಕ್ರಾಂತಿ ಹಬ್ಬಕ್ಕೆ ಅಂತ ಕೊಬ್ಬರಿ ಹೆಚ್ಚುತ್ತ ಕೂತಿದ್ದಳು. ಅವಳ ಮುಂದೆಯೇ ದಾಟಿಕೊಂಡು ಹೋದನಂತೆ. "ಎಲ್ಗ್ ಮಗಾ?" ಅಂದಳಂತೆ. "ಕರೀತಾವ್ರೆ ಅಜ್ಜಿ" ಅಂದನಂತೆ. ನಾನು ಗಿರಣಿಯಿಂದ ಕರೆದಿರಬೇಕು ಅಂದುಕೊಂಡು ಅವಳು ಮತ್ತೆ ಕೊಬ್ಬರಿ ಹೆಚ್ಚಿದಳು.

ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ನಂಜನಗೂಡು, ಬೆಟ್ಟದ ಮೆಟ್ಟಿಲು, ಎಲ್ಲೆಲ್ಲಿ ಊಟ ಹಾಕುತ್ತಾರೋ ಅಲ್ಲೆಲ್ಲ ಹುಡುಕಿದ್ದೇನೆ. ಗಡ್ಡ ಬಿಟ್ಟು ಬರಿಗಾಲಿನಲ್ಲಿ ಓಡಾಡುವ ಹುಡುಗರು ಈ ಊರಿನಲ್ಲಿ ಇಷ್ಟೊಂದು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಪ್ರತಿಯೊಬ್ಬನನ್ನೂ ಭುಜ ಹಿಡಿದು ತಿರುಗಿಸಿ ನೋಡಿದ್ದೇನೆ. ಒಬ್ಬ ನನ್ನನ್ನು ತಬ್ಬಿಕೊಂಡು ಬಿಡಲಿಲ್ಲ. ಬಿಡಿಸಿಕೊಂಡು ಬಂದೆ. ಅವನನ್ನು ಯಾರು ಹುಡುಕುತ್ತಿದ್ದಾರೋ.

ಸಣ್ಣಮಾದಯ್ಯ ಅಂಗಡಿ ಮುಚ್ಚಿ ನನ್ನ ಜೊತೆ ಅಲೆಯುತ್ತಿದ್ದಾನೆ.

ನಿನಗೆ ಪ್ರಾಕ್ಟಿಕಲ್ ಪರೀಕ್ಷೆ ಆಯಿತಂತೆ, ಮುಂದಿನ ತಿಂಗಳು ದೊಡ್ಡ ಪರೀಕ್ಷೆಯಂತೆ. ಬಿಡಬೇಡ.

ತಾತ


ಲಷ್ಕರ್ ಮೊಹಲ್ಲಾ
23 ಮಾರ್ಚ್ 2025

ತಾತ,

ನಾನು ಅವತ್ತು ಫೋನಿನಲ್ಲಿ ಹೇಳಿದ್ದು ನಿಮಗೆ ಕೇಳಿಸದಿದ್ದರೆ ಹಾಗೇ ಇರಲಿ. ನಾನೂ ಮತ್ತೆ ಹೇಳುವುದಿಲ್ಲ.

ಪರೀಕ್ಷೆಗಳು ಮುಗಿದವು. ಮನಃಶಾಸ್ತ್ರದ ಪತ್ರಿಕೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಇಲ್ಲದ ಧ್ವನಿ ಕೇಳಿಸುವ ಕಾಯಿಲೆ, ಅದರ ಲಕ್ಷಣಗಳು, ಉದಾಹರಣೆ ಸಹಿತ ವಿವರಿಸಿ. ಓದಿದ ಕೂಡಲೇ ಎದ್ದು ಹೋಗಬೇಕು ಅನ್ನಿಸಿತು. ಆದರೆ ಕೈ ಬರೆಯಲು ಶುರು ಮಾಡಿಬಿಟ್ಟಿತು. ಹೆಸರೊಂದನ್ನು ಬಿಟ್ಟು ಎಲ್ಲ ಬರೆದೆ. ಟೀವಿ, ಗೋಡೆ, ತಟ್ಟೆ, ಮಂಗಳವಾರ. ಪಕ್ಕದಲ್ಲಿ ಕೂತಿದ್ದ ಅನನ್ಯ ಹೊರಗೆ ಬಂದು, "ಎಷ್ಟ್ ಬರ್ದೆ ಕಣೇ, ಎರಡ್ಸಲ ಪೇಪರ್ ತಗೊಂಡೆ! ಎಲ್ಲಿಂದ ಓದಿದ್ದು ಅಷ್ಟೆಲ್ಲ?" ಅಂದಳು. ಅದಕ್ಕೆ ನಾನು ನಕ್ಕೆ ತಾತ. ಯಾಕೆ ನಕ್ಕೆನೋ ಗೊತ್ತಿಲ್ಲ.

ಚೆನ್ನಾಗಿ ನಂಬರ್ ಬರುತ್ತದೆ. ಯಾರೋ ಗೊತ್ತಿಲ್ಲದವರು ನನ್ನ ಅಣ್ಣನನ್ನು ಓದಿ, ಸರಿ ಅಂತ ಗೆರೆ ಎಳೆದು ನಂಬರ್ ಕೊಡುತ್ತಾರೆ.

ನನಗೆ ಪಾಠ ಬರುತ್ತಿತ್ತು. ಅವನು ಕೈ ಮೇಲೆ ಕೈ ಇಡಿಸಿಕೊಂಡಾಗಲೂ ಬರುತ್ತಿತ್ತು. ನಿಮಗೆ ಬರೆದು ಕಾಯುವ ಬದಲು ಅವತ್ತೇ ಅವನನ್ನು ಬಸ್ಸು ಹತ್ತಿಸಿಕೊಂಡು ಆಸ್ಪತ್ರೆಗೆ ಹೋಗಬಹುದಿತ್ತು. ಹಿರಿಯರನ್ನು ಕೇಳದೆ ಹೇಗೆ ಅಂದುಕೊಂಡೆ. ನಿಮ್ಮನ್ನು ಕೇಳದೆ ಆರ್ಟ್ಸ್ ಸೇರಿಕೊಂಡವಳು ನಾನು.

ವರ್ಷಿಣಿ


ಶ್ರೀರಾಂಪುರ
4 ಮೇ 2025

ವರ್ಷಿಣಿ,

ಮಹೇಂದ್ರ ಇದ್ದಾನೆ. ಇದನ್ನು ನಿಮ್ಮತ್ತೆ ಹೇಳಿರುತ್ತಾಳೆ. ಅವಳಿಗೆ ನಾನು ಹೇಳದೇ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ.

ದಾವಣಗೆರೆಯಿಂದಾಚೆ ಒಂದು ಊರಿನ ನಿರಾಶ್ರಿತರ ಆಶ್ರಮ. ರೈಲ್ವೆ ಸ್ಟೇಷನ್ನಿನಲ್ಲಿ ಜ್ವರ ಬಂದು ಬಿದ್ದಿದ್ದವನನ್ನು ಎತ್ತಿಕೊಂಡು ಹೋಗಿ ಸಾಕಿದ್ದಾರೆ. ಡಾಕ್ಟರಿಗೆ ತೋರಿಸಿ ಮಾತ್ರೆ ಶುರು ಮಾಡಿದ್ದಾರೆ. ಬಂದ ಹೊಸದರಲ್ಲಿ ಅವನು ಹಗಲೂ ಇರುಳೂ, "ನಮ್ ತಾತ ನಿಂಗಯ್ಯ, ಮೈಸೂರು, ಶ್ರೀರಾಂಪುರ, ಗಿರಣಿ" ಅಂತ ಜಪ ಮಾಡಿದ ಹಾಗೆ ಹೇಳುತ್ತಿದ್ದನಂತೆ. ಅದನ್ನು ಪೊಲೀಸಿನವರಿಗೆ ತಿಳಿಸಿ, ಫೋಟೋ ತಾಳೆ ನೋಡಿ ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಇಷ್ಟು ದಿನವಾಯಿತು.

ನಾನು ಹೋದೆ. ನಿಮ್ಮಜ್ಜಿ ಕಟ್ಟಿಕೊಟ್ಟ ಕಜ್ಜಾಯ, ಹೊಸ ಪಂಚೆ, ಹೊಸ ಚಪ್ಪಲಿ ಎಲ್ಲ ತೆಗೆದುಕೊಂಡು ಹೋದೆ. ತೋಟದಲ್ಲಿ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದ. ಗಡ್ಡ ಬೋಳಿಸಿದ್ದಾರೆ. ಮೈ ತುಂಬಿಕೊಂಡಿದ್ದಾನೆ. ಯಾರೋ ಅವನನ್ನು ಹೆಸರು ಹಿಡಿದು ಕರೆದರು, ಒಂದೇ ಸಲಕ್ಕೆ ತಿರುಗಿ ನೋಡಿದ. ಸರಿಯಾದ ಕಡೆಗೇ ನೋಡಿದ.

ಅಲ್ಲಿನ ಮೇಲ್ವಿಚಾರಕ ಮಹದೇವಸ್ವಾಮಿ ಅಂತ. ಅವರು, "ಮಹೇಂದ್ರ, ನಿಮ್ ತಾತ ಬಂದಿದ್ದಾರೆ ನೋಡಪ್ಪ" ಅಂದರು.

ಅವನು ನೀರಿನ ಪೈಪು ಕೆಳಗಿಟ್ಟ. ಹತ್ತಿರ ಬಂದ. ನನ್ನ ಮುಖ ನೋಡಿದ, ಚೆನ್ನಾಗಿ ನೋಡಿದ. ಕಣ್ಣು ತಿಳಿಯಾಗಿತ್ತು. "ಇವ್ರ್ಯಾರೋ ನಂಗೊತ್ತಿಲ್ಲ ಸಾರ್" ಅಂದ.

ನಾನು ಕೂಗಲಿಲ್ಲ. ಇದನ್ನು ನೀನು ನಂಬಬೇಕು. "ಮಗಾ, ನಾನ್ ಕಣ್ಲಾ" ಅಂದೆ, ಅಷ್ಟೇ. ಅದು ಎಷ್ಟು ಮೆಲ್ಲಗೆ ಬಂತು ಅಂದರೆ ನನಗೇ ಕೇಳಿಸಲಿಲ್ಲ. ಅವನು ಮತ್ತೆ ಪೈಪು ಎತ್ತಿಕೊಂಡ.

ಮಹದೇವಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಪ್ರಾಯಕ್ಕೆ ಬಂದ ಹುಡುಗ, ಅವನು ಒಪ್ಪದೆ ಕಳಿಸುವ ಹಾಗಿಲ್ಲ ಅಂದರು. "ತಲೆ ಇನ್ನೂ ಸರಿಹೋಗಿಲ್ವಾ ಸಾರ್? ನನ್ನ ಗುರುತೇ ಸಿಗ್ತಿಲ್ವಲ್ಲ" ಅಂದೆ. ಅವರು ನನ್ನ ಭುಜ ಹಿಡಿದು ಗೇಟಿನವರೆಗೆ ಬಂದು ಬಿಟ್ಟರು.

ವಾಪಸ್ಸು ಬರುವಾಗ ರೈಲಿನಲ್ಲಿ ನನಗೆ ಅರ್ಥವಾಯಿತು. ತಲೆ ಕೆಟ್ಟಿದ್ದಾಗ ನಮ್ಮ ಹೆಸರು ಜಪ ಮಾಡುತ್ತಿದ್ದ. ಸರಿಹೋದ ಮೇಲೆ ಗೊತ್ತಿಲ್ಲ ಅಂದ.

ನಿಮ್ಮಜ್ಜಿಗೆ ಇನ್ನೂ ಗುಣವಾಗಬೇಕು, ಅದಕ್ಕೇ ಬಿಟ್ಟು ಬಂದೆ ಅಂತ ಹೇಳಿದ್ದೇನೆ. ನೀನು ಒಂದು ಸಲ ಹೋಗಿ ಬಾ. ನಿನ್ನನ್ನಾದರೂ ಗೊತ್ತು ಅನ್ನಬಹುದು. ಅಂದರೆ ಬರೆ. ಅನ್ನದಿದ್ದರೂ ಬರೆ.

ತಾತ


ಲಷ್ಕರ್ ಮೊಹಲ್ಲಾ
25 ಮೇ 2025

ತಾತ,

ಹೋಗಿ ಬಂದೆ. ಅತ್ತೆಯೂ ಬಂದಿದ್ದರು. ಅವರು ಹೊರಗೆ ಮರದ ಕೆಳಗೆ ಕೂತರು.

ನನ್ನನ್ನು ಗೊತ್ತಿಲ್ಲ ಅನ್ನಲಿಲ್ಲ. "ಬಾ" ಅಂದ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ಈಗ ಕೇಳಿಸುತ್ತದಾ ಅಂತ ನಾನು ಕೇಳಲಿಲ್ಲ. ಅವನೇ ಹೇಳಿದ, "ದೂರ ಹೋಗವೆ, ಪಕ್ಕದ್ ಮನೆ ರೇಡಿಯೋ ತರ." ಕ್ಷಮಿಸು ಅಂದೆ. ಮೆಣಸಿನ ಗಿಡದ ಎಲೆ ಮುದುರುವ ರೋಗದ ಬಗ್ಗೆ ಏನೋ ಹೇಳಿದ. ಮತ್ತೊಂದು ಸಲ ಕ್ಷಮಿಸು ಅಂದೆ. ಆಗ, "ವರ್ಷಿ, ನಿನ್ ತಾವ ಹೇಳ್ದಾಗ ನಂಗೆಷ್ಟು ಹಗುರ ಆಗಿತ್ತು ಗೊತ್ತಾ? ಒಂದ್ವಾರ ಹಂಗೇ ಇತ್ತು" ಅಂದ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೊರಡುವಾಗ, "ಇನ್ ಬರ್ಬೇಡ" ಅಂದ. ಕೋಪದಿಂದ ಅನ್ನಲಿಲ್ಲ. ಬಿಸಿಲು ಜಾಸ್ತಿ, ಬರಬೇಡ ಅನ್ನುವ ಹಾಗೆ ಅಂದ.

ನಿಮ್ಮ ಬಗ್ಗೆ ಕೇಳಿದ ಅಂತ ಬರೆಯಬಹುದಿತ್ತು. ಬಸ್ಸಿನಲ್ಲಿ ಅತ್ತೆ, "ಕೇಳ್ದ ಅಂತ್ಲೇ ಬರ್ದ್ಬಿಡೇ, ವಯಸ್ಸಾದ್ ಜೀವ" ಅಂದರು. ಒಂದು ಸಲ ಸುಳ್ಳು ಹೇಳಿದ್ದಕ್ಕೇ ಇಷ್ಟು ದೂರ ಬಂದಿದ್ದೇವೆ. ಅವನು ಕೇಳಲಿಲ್ಲ ತಾತ.

ಮನಃಶಾಸ್ತ್ರದಲ್ಲಿ ಕಾಲೇಜಿಗೇ ನನಗೆ ಹೆಚ್ಚು ನಂಬರ್ ಅಂತ ಚಾಮುಂಡೇಶ್ವರಿ ಮೇಡಂ ಫೋನ್ ಮಾಡಿದ್ದರು. ಡಿಗ್ರಿಗೆ ಅದನ್ನು ತೆಗೆದುಕೊಳ್ಳುವುದಿಲ್ಲ ಅಂದೆ. ಪುಸ್ತಕಗಳನ್ನು ಅನನ್ಯಳ ತಂಗಿಗೆ ಕೊಟ್ಟಿದ್ದೇನೆ.

ವರ್ಷಿಣಿ


ಶ್ರೀರಾಂಪುರ
1 ಜೂನ್ 2025

ವರ್ಷಿಣಿ,

ಕೇಳಲಿಲ್ಲ ಅಂತ ಬರೆದದ್ದು ಒಳ್ಳೆಯದಾಯಿತು. ಕೇಳಿದ ಅಂತ ಬರೆದಿದ್ದರೆ ನಾನು ಮಾರನೇ ದಿನವೇ ರೈಲು ಹತ್ತುತ್ತಿದ್ದೆ.

ನಿನ್ನ ಓದಿನ ವಿಷಯ ನಾನು ಇನ್ನು ಮಾತಾಡುವುದಿಲ್ಲ. ಮಾತಾಡಿದ್ದು ಸಾಕು.

ಇಷ್ಟೆಲ್ಲ ಬರೆದವಳು ಒಂದು ಬರೆದಿಲ್ಲ. ಮಾತ್ರೆ ತಪ್ಪದೆ ನುಂಗುತ್ತಿದ್ದಾನಾ? ಯಾರಾದರೂ ಎದುರು ನಿಂತು ನುಂಗಿಸುತ್ತಾರಾ? ಆ ಮಹದೇವಸ್ವಾಮಿಗೆ ಫೋನ್ ಮಾಡಿ ಕೇಳು. ನಾನು ಮಾಡಿದರೆ ಅವರು ಹೇಳಿದ್ದು ನನಗೆ ಕೇಳಿಸುವುದಿಲ್ಲ. ಕೇಳು ಅಂತ ನಾನು ಹೇಳಿದೆ ಅನ್ನುವುದು ಅವನಿಗೆ ತಿಳಿಯುವುದು ಬೇಡ.

ಕೇಳಿ ಬರೆ. ನುಂಗುತ್ತಿದ್ದಾನೆ ಅಂತ ಒಂದು ಸಾಲು ಬರೆದರೆ ಸಾಕು.

ತಾತ